ಹಿಟ್ಟು ಕೇಳಿದಷ್ಟು ನೀರು

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಂಗಾವತಿಯ ನಮ್ಮ ಮನೆಗೆ ಬಂದಿದ್ದ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯವನು; ಈಗ ಅಮೆರಿಕೆಯ ಉತ್ತರದ ಚಳಿನಾಡಿನಲ್ಲಿ ಉದ್ಯೋಗ. ಮಾತಿನ ನಡುವೆ, ರಜೆಯ ದಿನ ಹೊತ್ತು ಹೇಗೆ ಕಳೆಯುತ್ತೀ ಎಂದು ಕೇಳಿದೆ. ಅವನು ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟ. ಅದರ ತುಂಬ ಲೆಕ್ಕ. ಇಷ್ಟು ಕಿಲೋ ಕಾಳು, ಇಷ್ಟು ಲೀಟರು ನೀರು, ನೀರಿನ ಕಾವು ಇಷ್ಟು ಡಿಗ್ರಿ. ಏನಪ್ಪಾ ಇದು ಎಂದೆ. ಅವನು ಸ್ವಲ್ಪ ಸಂಕೋಚದಿಂದ, “ಮನ್ಯಾಗ ಬಿಯರ್ ಮಾಡ್ತೀನ್ರಿ ಸರ್, ಅದರ ಎಸರಿನ ಲೆಕ್ಕ” ಎಂದ.

ಓದುಗರು ಹುಬ್ಬೇರಿಸಬೇಕಾಗಿಲ್ಲ. ನಾನು ಅದರ ರುಚಿ ಕಂಡವನಲ್ಲ, ಕಾಣುವ ಆಸೆಯೂ ಇಲ್ಲ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಂಗ್ಲೆಂಡಿನಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ಕಟ್ಟಳೆಯನ್ನು 1963ರಲ್ಲಿ ತೆಗೆದರು. ಅಮೆರಿಕೆಯ ಒಕ್ಕೂಟ ಸರಕಾರ 1978ರ ಕಾಯ್ದೆಯಿಂದ ಅದಕ್ಕೆ ಅವಕಾಶ ಕೊಟ್ಟಿತು. ಆದುದರಿಂದ ಅವನು ಅಲ್ಲಿ ಮಾಡುವುದು ತಪ್ಪಲ್ಲ. ಇಲ್ಲಿ ಯಾರೂ ಮಾಡಲೆಂದು ನಾನು ಬರೆಯುತ್ತಲೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಾಳೆಯಲ್ಲಿದ್ದ “ಎಸರು” ಎಂಬ ಮಾತು. ಅಮೆರಿಕೆಯ ಬಿಯರಿನ ಲೆಕ್ಕದಲ್ಲಿ ನಮ್ಮವ್ವನ ಒಲೆಯ ಮೇಲಿನ ಮಾತು ಹೇಗೆ ಬಂದಿತು?

ಕೇಳಿದರೆ ಸರಳವಾಗಿಯೇ ಇದೆ. ಜವೆಗೋದಿಯನ್ನು ನೆನೆಹಾಕಿ, ಮೊಳೆ ಬರಿಸಿ, ಒಣಗಿಸಿದರೆ ಅದರೊಳಗೆ ಕಿಣ್ವಗಳು ಹುಟ್ಟಿರುತ್ತವೆ. ಮೊಳಕೆ ರಾಗಿಯ ಹಿಟ್ಟನ್ನು ಕೂಸಿಗೆ ಕಾಯಿಸುವ ತಾಯಂದಿರು ಅವುಗಳ ಕೆಲಸವನ್ನು ಕಂಡೇ ಇರುತ್ತಾರೆ: ಹಿಟ್ಟು ಎಷ್ಟು ಹಾಕಿದರೂ ಗಂಜಿ ಗಟ್ಟಿಯಾಗದು, ತೆಳ್ಳಗೆ ಸಿಹಿಯಾಗಿ ನಿಲ್ಲುತ್ತದೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಈ ಕಿಣ್ವಗಳ ಕಸುಬು. ಅವುಗಳಲ್ಲಿ ಮುಖ್ಯವಾದವು ಎರಡು. ಒಂದು ಅರವತ್ತರಿಂದ ಅರವತ್ತೈದು ಡಿಗ್ರಿಯ ಸುಮಾರಿಗೆ ಚುರುಕು. ಇನ್ನೊಂದಕ್ಕೆ ಎಪ್ಪತ್ತರ ಹತ್ತಿರದ ಕಾವು ಬೇಕು. ಕಾಳು ನೀರು ಕೂಡಿದ ಹಗ್ಗಂಜಿ ಅರವತ್ತನಾಲ್ಕರಲ್ಲಿ ನಿಂತರೆ ಪಾನೀಯ ತೆಳು. ಅರವತ್ತೊಂಬತ್ತರಲ್ಲಿ ನಿಂತರೆ ದಪ್ಪ, ಕೊಂಚ ಸಿಹಿ. ಎಂಬತ್ತಕ್ಕೇರಿದರೆ ಕಿಣ್ವಗಳೇ ಸತ್ತುಹೋಗುತ್ತವೆ. ಐದು ಡಿಗ್ರಿಯ ಅಂತರದಲ್ಲಿ ಒಂದು ದಿನದ ದುಡಿಮೆಯ ಹಣೆಬರಹ.

ಅವನಿಗೆ ಬೇಕಾದ ಕಾವು 66 ಡಿಗ್ರಿ. ಹಾಗಾದರೆ 66 ಡಿಗ್ರಿಯ ನೀರು ಹೊಯ್ದರೆ ಆಯಿತಲ್ಲ ಎಂದೆ. “ಕಾಳು ತಣ್ಣಗಿರ್ತೈತ್ರಿ ಸರ್, ಅದೂ ಕಾವು ಕೇಳ್ತದ” ಎಂದ. ಸ್ನಾನದ ನೀರು ಬೆರೆಸುವ ಲೆಕ್ಕವೇ ಇದು. ಒಂದು ಚೊಂಬು ಕುದಿನೀರಿಗೆ 25 ಡಿಗ್ರಿಯ ಮೂರು ಚೊಂಬು ತಣ್ಣೀರು ಕೂಡಿಸಿದರೆ 44ರ ಸುಮಾರಿಗೆ ಬರುತ್ತದೆ. ಕಾಳಾದರೋ ನೀರಿನಷ್ಟು ಕಾವನ್ನು ನುಂಗುವುದಿಲ್ಲ. ಕಿಲೋಕ್ಕೆ ಕಿಲೋ ಹೋಲಿಸಿದರೆ ಅದರ ಹಸಿವು ನೀರಿನ ಹಸಿವಿನ ಐದರಲ್ಲಿ ಎರಡು ಪಾಲು. ಐದು ಕಿಲೋ ಕಾಳಿಗೆ ಹದಿನೈದು ಲೀಟರು ನೀರು ಎಂದಿಟ್ಟುಕೊಂಡರೆ, ಅವನ ಮನೆಯ ಚಳಿಗಾಲದಲ್ಲಿ ಕಾಳು 10 ಡಿಗ್ರಿ ಇದ್ದಾಗ ನೀರು 74ರ ಹತ್ತಿರ ಇರಬೇಕು. ನಮ್ಮ ಬೇಸಿಗೆಯಲ್ಲಿ ಕಾಳೇ 38 ಡಿಗ್ರಿ ಬೆಚ್ಚಗಿರುವಾಗ 70 ಸಾಕು.

ಇನ್ನು ನೀರಿನ ಮೊತ್ತ. ಕೊನೆಗೆ ಇಪ್ಪತ್ತು ಲೀಟರು ಕೈಗೆ ಬರಬೇಕು. ಐದು ಕಿಲೋ ಕಾಳು ಕಿಲೋಕ್ಕೆ ಒಂದು ಲೀಟರಿನಂತೆ ಐದು ಲೀಟರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಹಿಂಡಿದರೂ ಬಿಡದು. ಬಸಿದ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಒಂದು ಗಂಟೆ ಕುದಿಸಬೇಕು. ಅವನ ಪಾತ್ರೆಯಲ್ಲಿ ನಾಲ್ಕು ಲೀಟರು ಹಬೆಯಾಗಿ ಹೋಗುತ್ತದೆ. ತಳದ ಗಸಿಯಲ್ಲಿ ಎರಡು ಲೀಟರು ಉಳಿಯುತ್ತದೆ. ಎಲ್ಲ ಕೂಡಿ ಮೂವತ್ತೊಂದು. ಮೊದಲು ಹದಿನೈದು ಹೊಯ್ದರೆ, ಕಾಳನ್ನು ತೊಳೆದು ಸಿಹಿ ಇಳಿಸಿಕೊಳ್ಳಲು ಹದಿನಾರು. ಆ ತೊಳೆಯುವ ನೀರೂ 77 ದಾಟಬಾರದು, ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ.

“ಮೊದಮೊದಲು ಇಪ್ಪತ್ತು ಬೇಕಂದ್ರ ಇಪ್ಪತ್ತೇ ಇಡ್ತಿದ್ದೆ. ಕಡೀಕ ಒಂಬತ್ತು ಸಿಗ್ತಿತ್ತು. ಕಾಳಿನ ಪಾಲು, ಬೆಂಕಿ ಪಾಲು, ಪಾತ್ರಿ ಪಾಲು ಮೊದಲು ಎಣಸ್ಬೇಕು ಸರ್, ಆಮ್ಯಾಲೆ ನಮ್ಮ ಪಾಲು,” ಎಂದ ಅವನು.

ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಅದಕ್ಕೆ ಕಾರಣ ನಮ್ಮ ಮನೆಯದೇ ಒಂದು ಹಳೆಯ ವ್ಯಾಜ್ಯ.

ನಮ್ಮವ್ವ ಕುಷ್ಟಗಿ ಕಡೆಯ ಒಣಭೂಮಿಯವಳು. ಜೋಳದ ರೊಟ್ಟಿಯಲ್ಲಿ ಅವಳ ಕೈ ಓಣಿಗೆ ಹೆಸರಾದದ್ದು. ನನ್ನ ಹೆಂಡತಿ ಮಂಡ್ಯದ ಕಡೆಯವಳು. ಮುದ್ದೆ ಬಲ್ಲಳು, ರೊಟ್ಟಿ ಅರಿಯಳು. ಮದುವೆಯಾಗಿ ಬಂದ ಹೊಸತರಲ್ಲಿ, “ಅತ್ತೆ, ಎಷ್ಟು ನೀರು ಇಡಲಿ?” ಎಂದು ಕೇಳಿದಳು. “ಹಿಟ್ಟು ಕೇಳಿದಷ್ಟವ್ವಾ” ಎಂದು ಅವ್ವನ ಉತ್ತರ. ಎಷ್ಟು ಬಿಸಿ? “ಎಸರು ಮರಳಿದ ಮ್ಯಾಲೆ.” ಎಷ್ಟು ಹೊತ್ತು ನಾದಬೇಕು? “ಜಿಗಿ ಬರೂತನ.” ಹೀಗೆ ಮೂರು ಪ್ರಶ್ನೆಗೆ ಮೂರು ಉತ್ತರ ಸಿಕ್ಕಿದವು. ಮರುದಿನ ಹೆಂಡತಿ ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿದು ಮೂರು ತುಂಡಾಯಿತು. ಅವಳು ಅಳುಮೋರೆ ಮಾಡಿಕೊಂಡು ಅಳತೆಯ ಲೋಟ ತಂದಳು. ಅವ್ವ ಅದನ್ನು ನೋಡಿ ಮುಖ ತಿರುಗಿಸಿದಳು. ಅಡಿಗೆಗೆ ಅಳತೆ ಹಿಡಿಯುವುದೆಂದರೆ ಅವಳ ದೃಷ್ಟಿಯಲ್ಲಿ ಔಷಧಿ ಅಂಗಡಿಯ ಕೆಲಸ.

ನಾನು ಅಂದು ಅವ್ವನ ಪಕ್ಷ ವಹಿಸಿದೆ. ಕನ್ನಡದ ಮೇಷ್ಟ್ರಾದ ನನಗೆ “ಹದ” ಎಂಬ ಶಬ್ದದ ಮೇಲೆ ವಿಶೇಷ ಮೋಹ. ಮಣ್ಣಿಗೆ ಹದ, ಬೆಲ್ಲದ ಪಾಕಕ್ಕೆ ಹದ, ಚರ್ಮಕ್ಕೆ ಹದ, ಮಾತಿಗೆ ಹದ. ಅದನ್ನು ಅಳೆದು ತೋರಿಸಲಾಗದು, ಅನುಭವದಿಂದಲೇ ಬರಬೇಕು ಎಂದು ಹೆಂಡತಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವಳು ಸುಮ್ಮನೆ ಕೇಳಿ, “ಅನುಭವ ಬರುವ ತನಕ ಊಟಕ್ಕೇನು?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇದೆಯೆಂದು ಹೇಳಲಾರೆ.

ಹದವನ್ನು ಮೆಚ್ಚಲು ಕಾರಣಗಳಿವೆ. ಜೋಳದ ಹಿಟ್ಟಿನಲ್ಲಿ ಗೋದಿಯಂತೆ ಎಳೆಯುವ ಅಂಟಿಲ್ಲ. ಕುದಿಯುವ ಎಸರು ತಾಗಿದಾಗ ಪಿಷ್ಟದ ಕಣಗಳು ಉಬ್ಬಿ ಜಿಗಿಯಾಗುತ್ತವೆ. ಆ ಜಿಗಿಯೇ ರೊಟ್ಟಿಯನ್ನು ಹಿಡಿದು ನಿಲ್ಲಿಸುವುದು. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಕಡಿಮೆ. ಅದಕ್ಕೆ ಎಸರಿನ ಆಸರೆ ಹೆಚ್ಚು ಬೇಕು. ಹೊಸ ಜೋಳದ್ದೇ ಒಂದು ಗುಣ, ಹಳೆಯದರದೇ ಒಂದು ಗುಣ. ಗಂಗಾವತಿಯ ಸೋನಾಮಸೂರಿಯನ್ನು ಉಣ್ಣುವವರೆಲ್ಲ ಬಲ್ಲರು: ಹೊಸ ಅಕ್ಕಿಗೆ ನೀರು ಕಡಿಮೆ, ವರುಷದ ಅಕ್ಕಿಗೆ ಹೆಚ್ಚು. ಇಷ್ಟೆಲ್ಲವನ್ನೂ ಬೆರಳ ತುದಿಯಲ್ಲಿ ಗ್ರಹಿಸಿ ಚಣದಲ್ಲಿ ತೀರ್ಮಾನಿಸುವ ಕೈಯನ್ನು ಯಾವ ಪಟ್ಟಿ ಮೀರಿಸೀತು? ಉಷ್ಣಮಾಪಕ ಬಳಕೆಗೆ ಬರುವ ಮುಂಚೆ ಇಂಗ್ಲೆಂಡಿನ ಬಿಯರ್ ತಯಾರಕರೂ ಹೀಗೆಯೇ ಬಾಳಿದವರು. ಕುದಿದ ನೀರು ಆರುತ್ತ, ಹಬೆ ತಿಳಿಯಾಗಿ, ನೀರಿನಲ್ಲಿ ತಮ್ಮ ಮುಖ ಕಾಣುವ ಹೊತ್ತಿಗೆ ಕಾಳು ಸುರಿಯುತ್ತಿದ್ದರಂತೆ. ಬವೇರಿಯದವರು ಇನ್ನೂ ಜಾಣರು: ಹಗ್ಗಂಜಿಯ ಒಂದು ಪಾಲನ್ನು ತೆಗೆದು ಕುದಿಸಿ ಮತ್ತೆ ಅದಕ್ಕೇ ಕೂಡಿಸುತ್ತಿದ್ದರು. ಕುದಿಯ ಕಾವು ಎಂದಿಗೂ ಒಂದೇ ಆದುದರಿಂದ ಪಾಲು ಸರಿಯಿದ್ದರೆ ಕಾವೂ ಸರಿಯಾಗಿ ಬರುತ್ತಿತ್ತು.

ಇಷ್ಟು ಹೇಳಿದ ಮೇಲೆ ಹದದ ಇನ್ನೊಂದು ಮುಖವನ್ನೂ ನೋಡಬೇಕು. ಅದನ್ನು ನನಗೆ ತೋರಿಸಿದವನು ಇದೇ ವಿದ್ಯಾರ್ಥಿ. ಊಟಕ್ಕೆ ಕುಳಿತಾಗ, ನಗುತ್ತಲೇ, “ಸರ್, ನಾ ಬಿ.ಎಸ್ಸಿ. ಓದುವಾಗ ನನ್ನ ಪ್ರಬಂಧದ ಮ್ಯಾಲೆ ನೀವು ‘ಹದ ಬಂದಿಲ್ಲ’ ಅಂತ ಬರದಿದ್ರಿ. ಹದ ಎಲ್ಲಿರ್ತದ ಅಂತ ಎರಡು ವಾರ ಹುಡುಕಿದೆ ನೋಡ್ರಿ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ತುತ್ತು ಗಂಟಲಲ್ಲಿ ನಿಂತಿತು.

ಅವನ ಪ್ರಬಂಧದಲ್ಲಿ ಏನು ಕೊರತೆಯಿತ್ತೆಂಬುದು ಈಗ ನನಗೆ ನೆನಪಿಲ್ಲ. ಎರಡನೆಯ ಕಂಡಿಕೆಗೂ ಮೂರನೆಯದಕ್ಕೂ ಕೊಂಡಿ ತಪ್ಪಿದ್ದಿರಬಹುದು, ಹೇಳಿದ್ದನ್ನೇ ಹೇಳಿದ್ದಿರಬಹುದು, ಉದಾಹರಣೆ ತಡವಾಗಿ ಬಂದಿರಬಹುದು. ಅವುಗಳಲ್ಲಿ ಯಾವುದನ್ನಾದರೂ ಎರಡು ಸಾಲಿನಲ್ಲಿ ಬರೆಯಬಹುದಾಗಿತ್ತು. ಬರೆಯಲಿಲ್ಲ. “ಹದ ಬಂದಿಲ್ಲ” ಎಂದು ಬರೆದರೆ ನನ್ನ ಅರ್ಧ ಗಂಟೆ ಉಳಿಯುತ್ತಿತ್ತು, ಅದರ ಮೇಲೆ ರಸಜ್ಞನೆಂಬ ಹೆಸರೂ ಬರುತ್ತಿತ್ತು. ಮನೆಯಲ್ಲಿ ಪುಸ್ತಕದ ಕಪಾಟು ಇರುವ ಹುಡುಗ ಆ ಮಾತನ್ನು ಹೇಗಾದರೂ ಅರ್ಥಮಾಡಿಕೊಂಡಾನು. ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಎರಡು ವಾರ ಹುಡುಕಬೇಕಾಯಿತು.

ಹದ ಮನೆತನದ ಆಸ್ತಿಯಂತೆ ತಾಯಿಯಿಂದ ಮಗಳಿಗೆ, ಗುರುವಿನಿಂದ ಹತ್ತಿರ ಕೂತ ಶಿಷ್ಯನಿಗೆ ಇಳಿಯುತ್ತದೆ. ಅಂಗಳದಾಚೆ ನಿಂತವನಿಗೆ ಅದು ದಕ್ಕುವುದು ಕಷ್ಟ. ಅವನಿಗಾಗಿಯೇ ಅಳತೆ ಹುಟ್ಟಿತು ಎಂದು ನನಗೆ ಈಗ ತೋರುತ್ತದೆ. ಇಷ್ಟು ಸೇರು, ಇಷ್ಟು ಗಳಿಗೆ, ಇಷ್ಟು ಡಿಗ್ರಿ ಎಂದು ಬರೆದಿಟ್ಟವನು ತಾನು ಎಂದೂ ಕಾಣದ ಒಬ್ಬನಿಗೆ ಬಾಗಿಲು ತೆರೆದಿಡುತ್ತಾನೆ. ಹಾಗೆ ನೋಡಿದರೆ ಅಂಕಿಯಲ್ಲಿ ಒಂದು ಬಗೆಯ ಔದಾರ್ಯವಿದೆ. ಅದು ಒಣದೆಂದು ದೂರುವ ನಮ್ಮಂಥ ಸಾಹಿತ್ಯದವರಿಗೆ ಅದು ಬೇಗ ಕಾಣುವುದಿಲ್ಲ. ಶಕ್ತಿಯನ್ನು ಅಳೆಯುವ ಮಾನಕ್ಕೆ ಇಂದು ಯಾರ ಹೆಸರಿದೆಯೋ ಆ ಜೇಮ್ಸ್ ಜೌಲ್ ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಬಿಯರ್ ತಯಾರಿಸುವ ಮನೆತನದವನು. ಕಾವಿನ ಸೂಕ್ಷ್ಮ ಅಳತೆ ಆ ಕಸುಬಿನ ಮನೆಯಿಂದ ಬಂದು ಲೋಕಕ್ಕೆಲ್ಲ ಸೇರಿತು.

ಆದರೂ ನಮ್ಮವ್ವನನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅವಳ ಅರಿವು ಕೈಯಲ್ಲಿತ್ತು, ಬಾಯಿಗೆ ಬರಲಿಲ್ಲ. ನನ್ನದು ಬಾಯಲ್ಲೇ ಇತ್ತು. ಬರೆಯುವ ಶ್ರಮಕ್ಕೆ ನಾನು ಒಪ್ಪಲಿಲ್ಲ. ಹೇಳಲಾರದವರು ಬೇರೆ, ಹೇಳಲೊಲ್ಲದವರು ಬೇರೆ. ಲೋಕದಲ್ಲಿ ಹೇಳಲೊಲ್ಲದವರು ಹೇಳಲಾರದವರ ವೇಷ ಹಾಕಿ ತಿರುಗುವುದುಂಟು. ವೈದ್ಯರಲ್ಲಿ, ವಕೀಲರಲ್ಲಿ, ಸಂಗೀತಗಾರರಲ್ಲಿ, ನಮ್ಮಂಥ ಮೇಷ್ಟ್ರುಗಳಲ್ಲಿ ಇಂಥವರನ್ನು ಓದುಗರು ಕಂಡಿರಬಹುದು.

ಹಾಗೆಂದು ಅಂಕಿಯನ್ನು ಬರೆದುಕೊಟ್ಟರೆ ಋಣ ತೀರಿತೇ? ಇದನ್ನೂ ಆ ಹಾಳೆಯೇ ಪರೀಕ್ಷಿಸುತ್ತದೆ. ಅವನ ಚಳಿನಾಡಿನ ಪಟ್ಟಿಯಲ್ಲಿ ನೀರಿಗೆ 74 ಡಿಗ್ರಿ ಎಂದಿದೆ. ಅದನ್ನೇ ವೇದವಾಕ್ಯವೆಂದು ಹಿಡಿದು ಕೊಪ್ಪಳದ ಮೇ ತಿಂಗಳಲ್ಲಿ 38 ಡಿಗ್ರಿಯ ಕಾಳಿಗೆ ಹೊಯ್ದರೆ ಹಗ್ಗಂಜಿ 66ರಲ್ಲಿ ನಿಲ್ಲದೆ 69 ದಾಟುತ್ತದೆ. ಅಂಕಿ ತಪ್ಪಲ್ಲ; ಅದು ಯಾವ ಕಾಳಿಗೆ, ಯಾವ ಋತುವಿಗೆ ಎಂಬುದನ್ನು ಮರೆತದ್ದು ತಪ್ಪು. ಕಾಳು ಬದಲಾದರಂತೂ ಪಟ್ಟಿಯೇ ಬದಲಾಗಬೇಕು. ನಮ್ಮ ಜೋಳದ ಪಿಷ್ಟ ಜವೆಗೋದಿಯದಕ್ಕಿಂತ ಹೆಚ್ಚಿನ ಕಾವಿಗೆ, ಎಪ್ಪತ್ತು ದಾಟುವ ಸುಮಾರಿಗೆ, ಬಿಚ್ಚಿಕೊಳ್ಳುತ್ತದೆ. ಆ ಕಾವಿನಲ್ಲಿ ಕಿಣ್ವ ಬಾಳುವುದು ಕಷ್ಟ. ಅದಕ್ಕಾಗಿ ಮೊಳಕೆ ಜೋಳದಿಂದ ಬಿಯರ್ ಮಾಡುವವರು ಮೊದಲು ಕಿಣ್ವವಿರುವ ತಿಳಿಯನ್ನು ಬಸಿದು ಬೇರೆ ಇಟ್ಟು, ಕಾಳನ್ನು ಬೇಯಿಸಿ, ಆರಿಸಿ, ಆಮೇಲೆ ತಿಳಿಯನ್ನು ಕೂಡಿಸುವುದುಂಟು.

ಈ ಮರೆವು ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ಮೇದಕವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂಬ ಲೆಕ್ಕ ಅಲ್ಲಿ ಬರುತ್ತದೆ. ದ್ರೋಣಕ್ಕೆ ಹದಿನಾರು ಪ್ರಸ್ಥ, ಆಢಕಕ್ಕೆ ನಾಲ್ಕು. ಎಂದರೆ ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ. ನಾವು ಇಂದು ವಿಜ್ಞಾನದಲ್ಲಿ ಬಳಸುವ “ಕಿಣ್ವ” ಶಬ್ದ ಆ ಕಾಲದ ಹೆಂಡದ ಮನೆಯದು ಎಂಬುದು ಭಾಷೆಯ ವಿನೋದ. ಮೊತ್ತವನ್ನು ಇಷ್ಟು ನಿಷ್ಕೃಷ್ಟವಾಗಿ ಹೇಳಿದ ಆ ಲೆಕ್ಕದಲ್ಲಿ ಕಾವಿನ ಮಾತಿಲ್ಲ, ಅಕ್ಕಿ ಹೊಸದೋ ಹಳೆಯದೋ ಎಂಬುದಿಲ್ಲ. ಅದು ಕೆಲಸಗಾರನ ಕೈಗೆ ಬಿಟ್ಟದ್ದು. ಆ ಕೈ ಹೋಯಿತು, ಲೆಕ್ಕ ಉಳಿಯಿತು. ಇಂದು ಅದನ್ನು ಓದಿ ಮೇದಕದ ರುಚಿ ಹೇಗಿತ್ತೆಂದು ಹೇಳುವುದು ಸಾಧ್ಯವಿಲ್ಲ.

ನಾನಿರುವ ಊರಿನಲ್ಲಿ ನೀರಿನ ಲೆಕ್ಕ ಅಡಿಗೆಮನೆಯಲ್ಲಿ ಮುಗಿಯುವುದಿಲ್ಲ. ಕಾಲುವೆಯ ದಂಡೆಯಲ್ಲಿ ನಡೆದಾಡುವಾಗ ಆ ಹುಡುಗನ “ಮೊದಲು ಅವರ ಪಾಲು” ಎಂಬ ಮಾತು ಮತ್ತೆ ಎದ್ದು ಬರುತ್ತದೆ. ತುಂಗಭದ್ರೆಯ ಜಲಾಶಯಕ್ಕೆ 1953ರಲ್ಲಿ ನೀರು ನಿಂತಾಗ ಅದರ ಹೊಟ್ಟೆ 133 ಟಿ.ಎಂ.ಸಿ.; ಹೂಳು ತುಂಬಿ ಈಗ 106ರ ಒಳಗೆ ಇಳಿದಿದೆ. ಪಾತ್ರೆ ತನ್ನ ಪಾಲು ತೆಗೆದುಕೊಂಡಿದೆ. ಬಿಸಿಲು ತನ್ನದನ್ನು, ಕಾಲುವೆಯ ಮಣ್ಣು ತನ್ನದನ್ನು ತೆಗೆದುಕೊಳ್ಳುತ್ತವೆ. ಇವೆಲ್ಲ ಎಣಿಸಬಹುದಾದ ನಷ್ಟಗಳು. ಎಡದಂಡೆ ಕಾಲುವೆಯನ್ನು ಯೋಜಿಸಿದವರು ಅದರ ಬಹುಭಾಗದ ನೆಲಕ್ಕೆ ಜೋಳ, ಹತ್ತಿಯಂಥ ಮಿತನೀರಿನ ಬೆಳೆಗಳನ್ನೇ ಗುರುತಿಸಿದ್ದರು. ಮೇಲ್ಭಾಗದ ನಮ್ಮ ಗಂಗಾವತಿ ಸೀಮೆಯಲ್ಲಿ ಬತ್ತ ಗುರುತಿಗಿಂತ ಎಷ್ಟೋ ಹೆಚ್ಚು ಹರಡಿತು. ಬತ್ತ ಜೋಳದ ಹಲವು ಪಟ್ಟು ನೀರು ಕುಡಿಯುತ್ತದೆ. ಕಾಲುವೆಯ ಕೊನೆಗಿರುವ ಮಾನ್ವಿ, ರಾಯಚೂರಿನ ಕಡೆಯ ರೈತ ನೀರಿಗಾಗಿ ಕಾಯುತ್ತ ಕೂಡುತ್ತಾನೆ.

ಅಲ್ಲಿ ಅಳತೆ ಇಲ್ಲವೇ? ಪಟ್ಟಿ ಇದೆ, ಗೇಟು ಇದೆ, ಮೀಟರುಗಲ್ಲು ಇದೆ. ಹದ ಬಲ್ಲವರಿಲ್ಲವೇ? ಗದ್ದೆಯ ಅಂಚಿನಲ್ಲಿ ನಿಂತು ನೆಲದ ಬಾಯಾರಿಕೆ ಹೇಳುವ ಒಕ್ಕಲಿಗರು ಎಷ್ಟೋ ಜನ. ಆದರೂ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಏಕೆಂದರೆ ನಮ್ಮ ಪಾಲನ್ನು ಮೊದಲು ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುವುದು ನಮ್ಮ ರೂಢಿ. ಅವ್ವನ ಮಾತಿನಲ್ಲಿ ಕೇಳುವುದು ಹಿಟ್ಟು. ಹುಡುಗನ ಲೆಕ್ಕದಲ್ಲಿ ಕೇಳುವುದು ಕಾಳು. ಇಬ್ಬರೂ ಎದುರಿಗಿರುವುದರ ಬೇಡಿಕೆಯನ್ನು ಕೇಳಿಸಿಕೊಂಡ ಮೇಲೆಯೇ ಕೈ ಎತ್ತುವವರು. ಒಬ್ಬಳು ಬೆರಳಿನಿಂದ ಕೇಳುತ್ತಾಳೆ, ಒಬ್ಬ ಉಷ್ಣಮಾಪಕದಿಂದ ಕೇಳುತ್ತಾನೆ, ಅಷ್ಟೇ ಭೇದ. ಕೇಳದೆಯೇ ಹೊಯ್ದುಕೊಳ್ಳುವವನ ಎದುರು ಅವರಿಬ್ಬರೂ ಒಂದೇ ಪಕ್ಷದವರು. ಇದನ್ನು ಬರೆಯುವಾಗ ಆ ಬತ್ತದ ಅನ್ನವನ್ನೇ ದಿನವೂ ಉಣ್ಣುವವನು ನಾನು ಎಂಬುದು ನೆನಪಿದೆ.

ನಮ್ಮ ಮನೆಯ ವ್ಯಾಜ್ಯ ಹೇಗೆ ತೀರಿತೆಂದು ಹೇಳಿ ಮುಗಿಸುತ್ತೇನೆ. ಹೆಂಡತಿ ಅಳತೆಯ ಲೋಟವನ್ನು ಬಿಡಲಿಲ್ಲ, ಅವ್ವನಿಗೆ ಕೊಡಲೂ ಇಲ್ಲ. ಅವ್ವ ರೊಟ್ಟಿಗೆ ಕೂಡುವ ಮೊದಲು ಹಿಟ್ಟನ್ನೂ ನೀರನ್ನೂ ತಾನು ಅಳೆದಿಡುತ್ತಿದ್ದಳು. ಅವ್ವ ಎದ್ದ ಮೇಲೆ ಉಳಿದದ್ದನ್ನು ಅಳೆಯುತ್ತಿದ್ದಳು. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ದಿನದಿನದ್ದು ಬರೆದಳು: ಬೀಸಿ ಎಷ್ಟು ದಿನವಾಯಿತು, ಹೊಸ ಜೋಳವೋ ಹಳೆಯದೋ, ಮಳೆಯೋ ಬಿಸಿಲೋ. ಬಹುಮಟ್ಟಿಗೆ ಒಂದು ಲೋಟ ಹಿಟ್ಟಿಗೆ ಒಂದು ಲೋಟದ ಆಚೀಚೆ ನೀರು. ಆದರೆ ಆ ಆಚೀಚೆಯಲ್ಲಿಯೇ ಎಲ್ಲವೂ ಇತ್ತು. ಕೆಲವು ತಿಂಗಳ ಮೇಲೆ ಅವಳ ರೊಟ್ಟಿ ಹರಿಯದೆ ಹಂಚಿಗೆ ಹೋಯಿತು, ಉಬ್ಬಿತು. ಪುಸ್ತಕವನ್ನು ಅವ್ವನಿಗೆ ಓದಿ ಹೇಳಿದಳು. ಅವ್ವ ಎಲ್ಲವನ್ನೂ ಕೇಳಿ, “ಮತ್ತ ನಾ ಏನಂದಿದ್ದೆ? ಹಿಟ್ಟು ಕೇಳಿದಷ್ಟು ಅಂದಿದ್ದಿಲ್ಲೇನು?” ಎಂದಳು.

ಈಗ ಅವ್ವನ ಕೈ ನಡುಗುತ್ತದೆ. ಕುದಿಯುವ ಎಸರನ್ನು ಅವಳ ಹತ್ತಿರ ಬಿಡುವುದಿಲ್ಲ. ಕೊಣಮಿಗೆಯ ಪಕ್ಕ ಕೂತು ನೋಡುತ್ತಾಳೆ. ಹೊಸ ಜೋಳ ಬಂದ ದಿನ ಹೆಂಡತಿ ಪುಸ್ತಕ ತೆಗೆದಾಗ, ಹಿಟ್ಟನ್ನು ಎರಡು ಬೆರಳಲ್ಲಿ ಹಿಚುಕಿ, “ಇವತ್ತು ಒಂದೀಟು ಕಡಿಮಿ ಬರಕೋ” ಎನ್ನುತ್ತಾಳೆ. ಹೆಂಡತಿ ಬರೆದುಕೊಳ್ಳುತ್ತಾಳೆ.

ನನ್ನ ಮೇಜಿನ ಮೇಲೆ ಈ ವರ್ಷದ ಪ್ರಬಂಧಗಳ ಕಟ್ಟು ಇತ್ತು. ಅವುಗಳನ್ನು ತಿದ್ದಿ ಮುಗಿಸಲು ಹಿಂದಿನ ವರ್ಷಗಳಿಗಿಂತ ಒಂಬತ್ತು ದಿನ ಹೆಚ್ಚು ಹಿಡಿಯಿತು.